ಟೋಪಿಯೊಳಗಿನ ಚೀಟಿ

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಸೈನಿಕರು ತೊಟ್ಟ ಅಗಲ ಅಂಚಿನ ‘ಬೂನಿ’ ಟೋಪಿಗೆ ಸಂಗ್ರಾಹಕರಲ್ಲಿ ಈಗಲೂ ಬೇಡಿಕೆಯಿದೆ. ಮಾರುವವರು ‘ಯುದ್ಧಕಾಲದ್ದೇ’ ಎನ್ನುತ್ತಾರೆ. ನಾಲ್ಕು ಬಣ್ಣದ ಎಲೆಚಿತ್ತಾರವನ್ನಷ್ಟೇ ನೋಡಿ ನಂಬುವಂತಿಲ್ಲ. ‘ಈಆರ್‌ಡಿಎಲ್’ ಎಂಬ ಆ ಚಿತ್ತಾರ ಹುಟ್ಟಿದ್ದು 1948ರಲ್ಲಿ, ವಿಯೆಟ್ನಾಂ ಕಾಡಿಗೆ ಬಂದದ್ದು 1960ರ ದಶಕದಲ್ಲಿ. ಯುದ್ಧ ಮುಗಿದ ಮೇಲೂ ಅದು ಬಳಕೆಯಲ್ಲಿತ್ತು. 1981ರ ‘ವುಡ್‌ಲ್ಯಾಂಡ್’ ಅದನ್ನೇ ಹಿಗ್ಗಿಸಿದ ರೂಪ.

ಕಾಲ ಹೇಳುವುದು ಒಳಗೆ ಹೊಲಿದ ಚೀಟಿ. ಅದರಲ್ಲಿ ‘ಡಿಎಸ್‌ಎ 100-69-ಸಿ’ ಎಂದಿದ್ದರೆ, 69 ಎಂಬುದು ಗುತ್ತಿಗೆಯ ಹಣಕಾಸು ವರ್ಷ. ಆಗ ಅಮೆರಿಕದ ಹಣಕಾಸು ವರ್ಷ ಜುಲೈಯಲ್ಲಿ ಶುರುವಾಗುತ್ತಿತ್ತು. ಹಾಗಾಗಿ ಆ ಗುತ್ತಿಗೆ 1968ರ ಜುಲೈಯದೂ ಆಗಿರಬಹುದು. ಖರೀದಿ ಸಂಸ್ಥೆಯ ಹೆಸರು 1977ರಲ್ಲಿ ಬದಲಾಯಿತು. ‘ಡಿಎಲ್‌ಎ’ ಎಂದಿರುವ ಚೀಟಿ ಅದಕ್ಕಿಂತ ಹಳೆಯದಲ್ಲ.

ಎರಡನೆಯ ಸಾಕ್ಷಿ ದಾಸ್ತಾನು ಸಂಖ್ಯೆ. ಮೊದಲು ಅದರಲ್ಲಿ 11 ಅಂಕಿಗಳಿದ್ದವು. 1974ರಲ್ಲಿ ನಡುವೆ ಎರಡು ಅಂಕಿ ಸೇರಿ 13 ಆಯಿತು. ಅಮೆರಿಕದ ಯುದ್ಧಪಡೆಗಳು ವಿಯೆಟ್ನಾಂನಿಂದ ಮರಳಿದ್ದು 1973ರ ಮಾರ್ಚ್‌ನಲ್ಲಿ. ಅಂದರೆ 13 ಅಂಕಿಯ ಟೋಪಿ ಆ ಪಡೆಗಳ ತಲೆ ಕಂಡದ್ದೇ ಅಲ್ಲ.

ಆದರೆ 11 ಅಂಕಿ ಇದ್ದ ಮಾತ್ರಕ್ಕೆ ಅದು ಯುದ್ಧಕ್ಕೆ ಹೋಗಿತ್ತು ಎಂದಲ್ಲ, ಗೋದಾಮಿನಲ್ಲೇ ಉಳಿದಿರಬಹುದು. ಚೀಟಿ ಹೇಳುವುದು ಗುತ್ತಿಗೆಯ ವರ್ಷವನ್ನು, ತೊಟ್ಟವನ ಕಥೆಯನ್ನಲ್ಲ. ಸತ್ತ ಸೈನಿಕನ ಹೆಸರು ಅಂಟಿಸಿದರೆ ಬೆಲೆ ಏರುತ್ತದೆ. ಚೀಟಿ ಒಪ್ಪದ ಕಥೆಗೆ ದುಡ್ಡು ಕೊಟ್ಟರೆ ಮೋಸ ಕೊಂಡವನಿಗೆ ಮಾತ್ರವಲ್ಲ, ಆ ಸತ್ತವನಿಗೂ ಆಗುತ್ತದೆ.