ಯೋಜನೆ ಒಂದು, ಹತೋಟಿ ಹಲವು

ಬಾಲಿಗಂಜಿನ ಗುರುಸದಯ ರಸ್ತೆಯಲ್ಲಿರುವ ಬಿರ್ಲಾ ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯದ ಕನ್ನಡ ಕುಟುಂಬ ಈ ಊರಿನಲ್ಲಿ ವಿರಳವೆಂದೇ ಹೇಳಬೇಕು. ಅಲ್ಲಿನ ಕಲ್ಲಿದ್ದಲ ಗಣಿಯ ಮಾದರಿಯನ್ನು ಕಂಡು ಬೆರಗಾಗುವ ಮಕ್ಕಳಿಗೆ ನಾವು ಹೇಳಬೇಕಾದ ಮಾತೊಂದಿದೆ. 1959ರಲ್ಲಿ ಆರಂಭವಾದ ಈ ಸಂಸ್ಥೆಗೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಒಂದು ಸೋದರ ಸಂಸ್ಥೆಯಿದೆ. 1962ರಲ್ಲಿ ಉದ್ಘಾಟನೆಗೊಂಡ ಅದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ.

ವಿಶ್ವೇಶ್ವರಯ್ಯನವರೆಂದರೆ ಕನ್ನಂಬಾಡಿ ಕಟ್ಟೆ ಎಂದಷ್ಟೇ ನೆನೆಯುವುದು ನಮ್ಮ ವಾಡಿಕೆ. ಆದರೆ ಕೈಗಾರಿಕೆಯನ್ನು ಯೋಜಿಸುವುದು ಹೇಗೆ, ಯೋಜಿಸಿದ್ದನ್ನು ಹತೋಟಿಯಲ್ಲಿಡುವುದು ಹೇಗೆ ಎಂಬುದಕ್ಕೆ ಹಳೆಯ ಮೈಸೂರು ಎರಡು ಭಿನ್ನ ಪಾಠಗಳನ್ನು ಬಿಟ್ಟುಹೋಗಿದೆ.

ಮೊದಲನೆಯದು ಶ್ರೀಗಂಧ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವ ದಾರಿ ಮುಚ್ಚಿ, ದಾಸ್ತಾನು ಉಳಿಯಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿಯೇ, 1916ರಲ್ಲಿ, ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ಭಟ್ಟಿ ಇಳಿಸುವ ಕೆಲಸ ಆರಂಭವಾಯಿತು. ಸಾಬೂನು ಅದರ ಹಿಂದೆಯೇ ಬಂತು. ಇಲ್ಲಿ ಮರದ ಮೇಲಿನ ಹಕ್ಕು ಸರ್ಕಾರದ ಕೈಯಲ್ಲಿತ್ತು. ಮೂಲ ಸಾಮಗ್ರಿ ಕೈಯಲ್ಲಿದ್ದುದರಿಂದ ಹತೋಟಿ ಸುಲಭವಾಯಿತು.

ಎರಡನೆಯದು ಭದ್ರಾವತಿ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕಾಡಿನ ಸೌದೆಯಿಂದ ಇದ್ದಿಲು, ಇದ್ದಿಲಿನಿಂದ ಕಬ್ಬಿಣ, ಸೌದೆ ಸುಡುವಾಗ ಸಿಗುವ ಮರದ ಮದ್ಯಸಾರ ಮತ್ತು ಟಾರಿನಿಂದ ಹೆಚ್ಚುವರಿ ಆದಾಯ: ಕಾಗದದ ಮೇಲೆ ಲೆಕ್ಕ ಚೆನ್ನಾಗಿತ್ತು. ಆದರೆ ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿಯಿತು. ಅದೇ 1923ರಲ್ಲಿ ಜರ್ಮನಿಯಲ್ಲಿ ಮರದ ಹಂಗಿಲ್ಲದೆ ಮದ್ಯಸಾರವನ್ನು ತಯಾರಿಸುವ ಕಾರ್ಖಾನೆ ಹೊರಟಿತು. ಬೆಲೆಯನ್ನು ಗೊತ್ತುಮಾಡುವವರು ದೂರದ ಸಂತೆಯವರು, ಕುಲುಮೆಯನ್ನಂತೂ ಆರಿಸುವಂತಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ದುಡಿದ ವಿಶ್ವೇಶ್ವರಯ್ಯನವರು ವೆಚ್ಚಕ್ಕೆ ಕಡಿವಾಣ ಹಾಕಿ, ವಿದೇಶಿ ತಜ್ಞರ ಜಾಗಕ್ಕೆ ಭಾರತೀಯರನ್ನು ತರಬೇತುಗೊಳಿಸಿದರು. ಕಾರ್ಖಾನೆ ಚೇತರಿಸಿಕೊಳ್ಳುವವರೆಗೆ ಸಂಭಾವನೆಯನ್ನೂ ಮುಟ್ಟಲಿಲ್ಲ. ಆಮೇಲೆ ಬಂದ ಆ ಹಣ ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಯ ಬುನಾದಿಗೆ ಸಂದಿತು.

ಈ ಅನುಭವದ ಬೆನ್ನಿಗೇ, 1934ರಲ್ಲಿ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂಬ ಅವರ ಇಂಗ್ಲಿಷ್ ಪುಸ್ತಕ ಹೊರಬಂತು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ರಾಷ್ಟ್ರೀಯ ಯೋಜನಾ ಸಮಿತಿಯನ್ನು ರಚಿಸಿದಾಗ ಕಲ್ಕತ್ತೆಯ ವಿಜ್ಞಾನಿ ಮೇಘನಾದ ಸಾಹಾರ ಹೆಸರಿನ ಜೊತೆಗೆ ನಮ್ಮವರ ಹೆಸರೂ ಬಂದುದು ಆಕಸ್ಮಿಕವಲ್ಲ.

ಹತೋಟಿಯ ಶಾಸ್ತ್ರಕ್ಕೆ ನೆಲೆ ಸಿಕ್ಕಿದ್ದು ಕಲ್ಕತ್ತೆಯಲ್ಲಿ. ಇಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಮಹಲನೋಬಿಸರು, ಅಮೆರಿಕದ ವಾಲ್ಟರ್ ಶೂಹಾರ್ಟರನ್ನು 1947ರ ಸುಮಾರಿಗೆ ಭಾರತಕ್ಕೆ ಕರೆಸಿದರು. ತಯಾರಾದ ಮಾಲಿನ ಅಳತೆಯನ್ನು ಮೇಲೊಂದು, ಕೆಳಗೊಂದು ಗೆರೆಯ ನಡುವೆ ಗುರುತಿಸುತ್ತಾ, ಅಂಕೆ ಗೆರೆ ದಾಟಿದೊಡನೆ ಕಾರಣ ಹುಡುಕುವ ಕ್ರಮವನ್ನು 1924ರಲ್ಲಿ ರೂಪಿಸಿದವರು ಇವರೇ. ಭದ್ರಾವತಿಯ ಕುಲುಮೆ ಆಗ ಎರಡನೆಯ ವರ್ಷದಲ್ಲಿತ್ತು.

ಗೆರೆ ತೋರಿಸುವುದು ಕಾರ್ಖಾನೆಯ ಒಳಗಿನ ಏರುಪೇರನ್ನು ಮಾತ್ರ. ಅದಿರು ಎಲ್ಲಿಂದ ಬರಬೇಕೆಂಬುದು ಯೋಜನೆಯ ಕೆಲಸ. ವಿಶ್ವೇಶ್ವರಯ್ಯನವರ ಹೆಸರನ್ನೇ ಪಡೆದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದಾಗ, ಕಾರ್ಮಿಕರ ಹಳೆಯ ಅಳಲು ಮತ್ತೆ ಕೇಳಿಬಂತು: ನಮಗೆ ಸ್ವಂತ ಅದಿರು ಗಣಿಯಿಲ್ಲ. ಗಂಧದೆಣ್ಣೆಯ ಕಾರ್ಖಾನೆಗೆ ಮರದ ಹಕ್ಕು ನೀಡಿದ್ದ ಬಲವೇ ಇಲ್ಲಿ ಇಲ್ಲವಾಯಿತು.

ನಮ್ಮ ಮನೆಗಳ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಆಡಳಿತ ಶಾಸ್ತ್ರವನ್ನು ಓದುತ್ತಿದ್ದಾರೆ. ಪುಸ್ತಕದ ಸೂತ್ರ ಎಲ್ಲ ಉದ್ಯಮಕ್ಕೂ ಒಂದೇ ಎಂದು ಅವರು ನಂಬದಿರಲಿ. ಯಾವುದೇ ಕಾರ್ಖಾನೆಯ ಬಾಗಿಲಲ್ಲಿ ಮೊದಲು ಕೇಳಬೇಕಾದುದು, ಇದರಲ್ಲಿ ನಮ್ಮ ಕೈಯಲ್ಲಿರುವುದೆಷ್ಟು, ಇಲ್ಲದ್ದೆಷ್ಟು ಎಂಬ ಪ್ರಶ್ನೆ. ಮುಂದಿನ ಸಲ ಗುರುಸದಯ ರಸ್ತೆಗೆ ಹೋದಾಗ, ಯಂತ್ರಗಳ ಮುಂದೆ ನಿಂತು ಈ ಎರಡು ಕಥೆಗಳನ್ನೂ ಅವರಿಗೆ ಹೇಳೋಣ.