ಹನ್ನೆರಡು ವರ್ಷಗಳ ಶಂಕರ್ ನಾಗ್

ವಿಜಯನಗರದ ಮಾರೇನಹಳ್ಳಿಯ ಬೀದಿಗಳಲ್ಲಿ ಸಾಗುವ ಆಟೋಗಳ ಹಿಂಬದಿಯಲ್ಲಿ ಶಂಕರ್ ನಾಗ್ ಅವರ ಚಿತ್ರ ಇಂದಿಗೂ ಕಾಣಸಿಗುತ್ತದೆ. 1980ರ ‘ಆಟೋ ರಾಜ’ ಚಿತ್ರದ ಪಾತ್ರವು ಅವರನ್ನು ಚಾಲಕರ ಬಂಧುವನ್ನಾಗಿಸಿತು. ಆದರೆ ಅದನ್ನು ನಿರ್ದೇಶಿಸಿದವರು ಬೇರೆಯವರು. ನಿರ್ದೇಶಕ ಶಂಕರ್ ನಾಗರ ಅಂತರಂಗವನ್ನು ಅರಿಯಲು ನಾವು ಅವರದೇ ಚಿತ್ರಗಳತ್ತ ತಿರುಗಬೇಕು.

1954ರಲ್ಲಿ ಹೊನ್ನಾವರ ಸೀಮೆಯಲ್ಲಿ ಜನಿಸಿದ ಅವರು, 1978ರಲ್ಲಿ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ನಟರಾಗಿ ಹೆಸರಾದರು. ಎರಡೇ ವರ್ಷಗಳಲ್ಲಿ ‘ಮಿಂಚಿನ ಓಟ’ವನ್ನು ನಿರ್ದೇಶಿಸಿ, ಅದರಲ್ಲಿ ನಟಿಸಿದರು. ಮುಂದೆ ಆರ್.ಕೆ. ನಾರಾಯಣರ ಕಥೆಗಳನ್ನಾಧರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಮಲೆನಾಡಿನ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದರು.

ಅವರ ಅಂತಃಸಾಕ್ಷಿ ಹೆಚ್ಚು ಸ್ಪಷ್ಟವಾಗಿ ನುಡಿದದ್ದು ರಾಷ್ಟ್ರಪ್ರಶಸ್ತಿ ಪಡೆದ ‘ಆಕ್ಸಿಡೆಂಟ್’ ಚಿತ್ರದಲ್ಲಿ. ರಾಜಕಾರಣಿಯ ಮಗನೊಬ್ಬನ ಕಾರು, ಬೀದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಅಧಿಕಾರ ಆ ಪಾತಕವನ್ನು ಮುಚ್ಚಲು ಹವಣಿಸುತ್ತದೆ. ಸತ್ಯವನ್ನು ಬೆನ್ನಟ್ಟುವ ಪತ್ರಕರ್ತನ ಪಾತ್ರವನ್ನು ಶಂಕರ್ ನಾಗರೇ ವಹಿಸಿದರು. ನಟನೆ ಗಳಿಸಿಕೊಟ್ಟ ಜನಪ್ರೀತಿಯನ್ನು ಅವರು ದನಿಯಿಲ್ಲದವರ ಪರವಾಗಿ ಬಳಸಿದರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನಲ್ಲಿ ರಸ್ತೆ ಅಪಘಾತವೇ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರ ವಯಸ್ಸು ಕೇವಲ 35. ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕುವುದು ಸುಲಭ. ಬೀದಿಬದಿಯಲ್ಲಿ ಮಲಗಿದವನ ಪ್ರಾಣಕ್ಕೂ ನಮ್ಮ ಪ್ರಾಣದಷ್ಟೇ ಬೆಲೆಯಿದೆಯೆಂದು ಬದುಕುವುದು ಕಷ್ಟ. ಅವರಿಗೆ ಸಲ್ಲಬೇಕಾದ ಗೌರವ ಎರಡನೆಯದಲ್ಲವೇ?