ನಿದ್ದೆಯಲ್ಲಿ ನಿಂತ ಉಸಿರು

ಗೊರಕೆ ನಮ್ಮಲ್ಲಿ ನಗೆಯ ವಸ್ತು. ರಾಮಾಯಣದ ಕುಂಭಕರ್ಣನಿಂದ ಹಿಡಿದು ಮದುವೆಮನೆಯ ಜಮಖಾನದ ಮೇಲೆ ಮಲಗುವ ಸೋದರಮಾವನವರೆಗೆ ಅದನ್ನು ಹಾಸ್ಯಕ್ಕೇ ಬಿಟ್ಟುಕೊಟ್ಟಿದ್ದೇವೆ. ನಾನೂ ಹಾಗೆಯೇ ನಕ್ಕವನು. ಅರುವತ್ತು ದಾಟಿದ ಮೇಲೊಂದು ನಡುರಾತ್ರಿ ಮನೆಯಾಕೆ ನನ್ನ ಭುಜ ಹಿಡಿದು ಅಲುಗಿಸಿ, “ಏನೂಂದ್ರೆ, ಉಸಿರಾಡಿ” ಎಂದು ಕೂಗಿದಳು. ಗೊರಕೆಯ ಸದ್ದಿಗೆ ಎಂದೋ ಒಗ್ಗಿಹೋಗಿದ್ದ ಅವಳನ್ನು ಎಬ್ಬಿಸಿದ್ದು ಆ ಸದ್ದು ತಟ್ಟನೆ ನಿಂತದ್ದು.

ವೈದ್ಯರು ಇದನ್ನು ‘ಸ್ಲೀಪ್ ಆಪ್ನಿಯ’ ಎಂದರು. ಗ್ರೀಕ್ ಮೂಲದ ‘ಆಪ್ನಿಯ’ಕ್ಕೆ ಉಸಿರಿಲ್ಲದಿರುವಿಕೆ ಎಂದರ್ಥ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ಒಳಗೆಳೆಯುವ ಉಸಿರಿನ ಸೆಳೆತಕ್ಕೆ ದಾರಿಯೇ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ; ಮೆದುಳು ಅರೆಕ್ಷಣ ಎಚ್ಚತ್ತು ದಾರಿ ತೆರೆಯುತ್ತದೆ. ರಾತ್ರಿಯಲ್ಲಿ ನೂರಾರು ಸಲ ಹೀಗಾದರೂ ಮಲಗಿದವನಿಗೆ ಅದರ ನೆನಪಿರುವುದಿಲ್ಲ. ಅವನ ಪಾಲಿಗೆ ಉಳಿಯುವುದು ಹಗಲಿನ ತೂಕಡಿಕೆ, ಏರಿದ ರಕ್ತದೊತ್ತಡ.

ಸಾಹಿತ್ಯದ ಮೇಷ್ಟರಿಗೆ ಹೆಮ್ಮೆ ತರುವ ಸಂಗತಿಯೊಂದಿದೆ. ಡಿಕನ್ಸ್ 1836-37ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ದಢೂತಿ ಹುಡುಗ ಕೆಲಸದ ನಡುವೆಯೇ ನಿದ್ದೆಹೋಗುತ್ತಾನೆ. ಅವನನ್ನು ನೆನೆದು 1956ರಲ್ಲಿ ಬರ್ವೆಲ್ ಮತ್ತು ಸಂಗಡಿಗರು ‘ಪಿಕ್‌ವಿಕ್ ಲಕ್ಷಣಕೂಟ’ ಎಂಬ ಹೆಸರನ್ನು ಬಳಕೆಗೆ ತಂದರು. ಅವರ ರೋಗಿ ಸ್ಥೂಲಕಾಯದ ವ್ಯವಹಾರಸ್ಥ. ಇಸ್ಪೀಟಿನಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಾಗಲೂ ನಿದ್ದೆಹೋಗಿ ಆಟ ಕಳೆದುಕೊಂಡ ಮೇಲೆಯೇ ಆತ ಆಸ್ಪತ್ರೆಗೆ ಹೋದದ್ದು! ಹೆಸರು ಸೊಗಸಾಗಿತ್ತು, ಕಾರಣ ಮಾತ್ರ ತಪ್ಪಿತ್ತು. ರಕ್ತದಲ್ಲಿ ಕೂಡಿಕೊಂಡ ಇಂಗಾಲದ ಡೈಆಕ್ಸೈಡೇ ತೂಕಡಿಕೆಗೆ ಮೂಲವೆಂದು ಅವರು ಬಗೆದರು. ರೋಗಿಯ ನಿದ್ದೆಯನ್ನೇ ಇರುಳಿಡೀ ಅಳೆದು, ಉಸಿರು ನಿಲ್ಲುವುದನ್ನು 1965ರಲ್ಲಿ ದಾಖಲಿಸಿದವರು ಫ್ರಾನ್ಸಿನ ಗಾಸ್ಟೋ ತಂಡದವರು, ಜರ್ಮನಿಯ ಯುಂಗ್ ಮತ್ತು ಕೂಲೋ.

ಕೂಲೋ ಮತ್ತು ಸಂಗಡಿಗರು 1969ರಲ್ಲಿ ವರದಿ ಮಾಡಿದ ಚಿಕಿತ್ಸೆ ಕಠೋರವಾದದ್ದು. ಗಂಟಲಿನ ತಡೆಯ ಕೆಳಗೆ ಶ್ವಾಸನಾಳಕ್ಕೆ ತೂತು ಕೊರೆದು ಕೊಳವೆ ಇಡುವುದು. ಹಗಲು ಅದನ್ನು ಮುಚ್ಚಿ ಮಾತನಾಡುವುದು, ರಾತ್ರಿ ತೆರೆದು ಉಸಿರಾಡುವುದು. ಗುಣವೇನೋ ಕಂಡಿತು. ಆದರೆ ಕತ್ತಿನಲ್ಲೊಂದು ಬಾಗಿಲಿಟ್ಟುಕೊಂಡು ಸಂಸಾರ ಮಾಡಬೇಕಾದವನ ಪಾಡನ್ನು ಯೋಚಿಸಿ. ಗಂಟಲು ಪಾಠದಿಂದಲೇ ಬದುಕಿದ ನನಗೆ ಅದನ್ನು ಓದಿದಾಗ ಕೈ ತಾನಾಗಿ ಕತ್ತಿಗೆ ಹೋಯಿತು.

ಸಿಡ್ನಿಯ ಕಾಲಿನ್ ಸಲ್ಲಿವನ್ ಎದುರು 1980ರ ಜೂನಿನಲ್ಲಿ ಈ ಶಸ್ತ್ರಕ್ರಿಯೆಗೆ ಒಪ್ಪದ ಒಬ್ಬ ರೋಗಿ ಇದ್ದ. ಸಲ್ಲಿವನ್ ಗಾಳಿ ಊದುವ ಮೋಟಾರಿಗೆ ಕೊಳವೆ ಸಿಕ್ಕಿಸಿ, ಮೂಗಿಗೆ ಮುಸುಕು ಅಂಟಿಸಿ, ಒಂದೇ ಸಮನೆ ಗಾಳಿ ಹಾಯಿಸಿದರು. ಕುಸಿಯುವ ಗಂಟಲಿಗೆ ಆ ಗಾಳಿಯೇ ಊರುಗೋಲಾಯಿತು, ಉಸಿರು ನಿಲ್ಲಲಿಲ್ಲ. ಐವರು ರೋಗಿಗಳ ಈ ಅನುಭವ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬೇಕಾದ ಒತ್ತಡ ನಾಲ್ಕೂವರೆಯಿಂದ ಹತ್ತು ಸೆಂಟಿಮೀಟರ್ ನೀರಿನಷ್ಟು, ಅಷ್ಟೇ. ಅದೇ ವರ್ಷ ಫುಜಿತ ತಂಡದವರು ಕಿರುನಾಲಿಗೆ, ಮೃದು ಅಂಗುಳಗಳನ್ನು ಕತ್ತರಿಸಿ ದಾರಿ ಅಗಲಿಸುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಅದು ಎಲ್ಲರಿಗೂ ಫಲಿಸಲಿಲ್ಲ.

ಮುಂದೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನಗಳು ಬಂದವು. ನಾಲಿಗೆಯ ನರವನ್ನು ಚೋದಿಸುವ, ಎದೆಯಲ್ಲಿ ಹೂಳುವ ಯಂತ್ರಕ್ಕೆ ಅಮೆರಿಕ 2014ರಲ್ಲಿ ಒಪ್ಪಿಗೆ ಕೊಟ್ಟಿತು. ತೂಕ ಇಳಿಸುವ ಟಿರ್ಜೆಪಟೈಡ್ ಔಷಧಕ್ಕೆ, ಸ್ಥೂಲಕಾಯರ ಮಟ್ಟಿಗೆ, 2024ರ ಡಿಸೆಂಬರಿನಲ್ಲಿ. ಬೆನ್ನ ಮೇಲೆ ಮಲಗದೆ ಮಗ್ಗುಲಾಗಿ ಮಲಗುವ ಹಳೆಯ ಉಪಾಯವೂ ಕೆಲವರಿಗೆ ಸಾಕಾಗುತ್ತದೆ.

ನನಗೆ ಸಾಕಾಗಲಿಲ್ಲ. ಸಲ್ಲಿವನ್ನರ ಯಂತ್ರದ ಮರಿಮಗನೊಂದು ಈಗ ನನ್ನ ಹಾಸಿಗೆಯ ಪಕ್ಕದಲ್ಲಿದೆ. ಮೊದಲ ವಾರ ಮುಸುಕನ್ನು ಎರಡು ಸಲ ಕಿತ್ತೆಸೆದೆ. ಕರೆಂಟು ಹೋದ ರಾತ್ರಿ ಗೊರಕೆಯೂ ಹಿಂತಿರುಗಿತು. ಒಗ್ಗಿಕೊಂಡ ದಿನ ಬೆಳಗ್ಗೆ ಎದ್ದು, ಎಷ್ಟೋ ವರ್ಷಗಳ ಮೇಲೆ, ತೂಕಡಿಸದೆ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದಿದೆ. ಮನೆಯಾಕೆ ಮಾತ್ರ ಕಣ್ಣು ಕೆಂಪಾಗಿಸಿಕೊಂಡು ಕಾಫಿ ತಂದಿಟ್ಟಳು. ಸದ್ದೇ ಇಲ್ಲದ್ದಕ್ಕೆ ಹೆದರಿ, ರಾತ್ರಿಯೆಲ್ಲ ನನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿದ್ದಳಂತೆ.